ಮಾವ ಬಿಡುವ ಆ ಹಿಡಿ ಅನ್ನ

ಕಾಸರಗೋಡಿನ ಬದಿಯಡ್ಕ ಕಡೆಯ ಓದುಗರೊಬ್ಬರ ಪತ್ರವನ್ನು ಮೂರು ಸಲ ಓದಿದೆ. ಮೂರನೇ ಸಲ ಓದುವಾಗ ಕಣ್ಣು ಒದ್ದೆಯಾಯಿತು.

ವಿಷಯ ಇಷ್ಟು. ಅವರ ಮನೆಯ ನಾಯಿ ಬೊಳ್ಳು ಕಿಡ್ನಿ ಹಾಳಾಗಿ ಸತ್ತು ಒಂದೂವರೆ ತಿಂಗಳಾಯಿತು. ಅದಕ್ಕೆ ಹನ್ನೆರಡು ವರ್ಷ. ಇವರು ಸೊಸೆಯಾಗಿ ಬಂದ ವರ್ಷವೇ ಮನೆಗೆ ಬಂದ ಮರಿ. ತೋಟದ ಕರೆಯಲ್ಲಿ ಮಣ್ಣು ಮಾಡಿದ್ದಾರೆ. ಇವರಿಗೆ ಇನ್ನೂ ನಿದ್ದೆ ಸರಿಯಾಗಿ ಬರುತ್ತಿಲ್ಲ. "ಬೇಸಗೆಯಲ್ಲಿ ಅದು ನೀರು ಜಾಸ್ತಿ ಕುಡಿಯುತ್ತಿತ್ತು. ಸೆಖೆಗೆ ಇರಬೇಕು ಅಂದುಕೊಂಡೆ. ನನ್ನಿಂದಲೇ ಹೋಯಿತು" ಎಂದು ಬರೆದಿದ್ದಾರೆ. ಗಂಡನ ಅಕ್ಕ ಬಂದವರು, "ಒಂದು ನಾಯಿಗೆ ಹೀಗೆ ಕೂಗುವುದಾ? ಬರುವ ವಾರ ಬೇರೆ ಮರಿ ತಂದುಕೊಡುತ್ತೇನೆ" ಎಂದರಂತೆ. ಮರಿ ತರಿಸಬೇಕೋ ಬೇಡವೋ ಎನ್ನುವುದು ಪ್ರಶ್ನೆ.

ಕೊನೆಯಲ್ಲಿ, ಮರೆತು ಸೇರಿಸಿದ ಹಾಗೆ, ಎರಡು ಸಾಲು ಇದೆ. "ಅತ್ತೆ ಹೋದ ಮೇಲೆ ಬೆಳಿಗ್ಗೆ ಅಡಿಕೆ ಹೆಕ್ಕಲು ಮಾವನ ಹಿಂದೆ ಹೋಗುತ್ತಿದ್ದದ್ದು ಬೊಳ್ಳು. ಮಾವ ಏನೂ ಹೇಳುವುದಿಲ್ಲ, ಆದರೆ ರಾತ್ರಿ ಉಂಡು ಏಳುವಾಗ ಬಟ್ಟಲಲ್ಲಿ ಒಂದು ಹಿಡಿ ಅನ್ನ ಬಿಟ್ಟಿರುತ್ತಾರೆ."

ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ತಲೆಯ ಮೇಲಿನ ಭಾರ ಇಳಿಸಬೇಕು. ನಾಯಿಯ ಕಿಡ್ನಿ ಹಾಳಾಗುವುದು ಹೊರಗೆ ಬೇಗ ಕಾಣುವುದಿಲ್ಲ. ಕಿಡ್ನಿಯ ಸುಮಾರು ಮೂರರಲ್ಲಿ ಎರಡು ಪಾಲು ಕೆಲಸ ನಿಲ್ಲಿಸಿದ ಮೇಲೆಯೇ ನಾಯಿ ನೀರು ಜಾಸ್ತಿ ಕುಡಿಯಲು ಶುರುಮಾಡುತ್ತದೆ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, ಏರಿ ಕಾಣಬೇಕಾದರೆ ಮುಕ್ಕಾಲು ಪಾಲು ಹೋಗಿರಬೇಕು. ಹೋದದ್ದನ್ನು ಸರಿಮಾಡುವ ಮದ್ದು ಇಲ್ಲ. ನೀವು ಗಮನಿಸಿದ ದಿನವೇ ಡಾಕ್ಟರ ಹತ್ತಿರ ಓಡಿದ್ದರೂ ಸ್ವಲ್ಪ ಸಮಯ ಸಿಗುತ್ತಿತ್ತೇನೋ, ಬೊಳ್ಳು ಮೊದಲಿನ ಹಾಗೆ ಆಗುತ್ತಿರಲಿಲ್ಲ. ಕಾಸರಗೋಡಿನ ಬೇಸಗೆಯಲ್ಲಿ ನಾಯಿ ನೀರು ಕುಡಿದರೆ ಯಾರಾದರೂ ಸೆಖೆ ಎಂದೇ ತಿಳಿಯುತ್ತಾರೆ.

ನನಗೆ ನಿಜವಾಗಿ ಬೇಸರವಾದದ್ದು ನಿಮ್ಮ ಅತ್ತಿಗೆಯ ಮಾತಿಗೆ. ಒಂದು ನಾಯಿಗೆ ಇಷ್ಟು ಯಾಕೆ ಎನ್ನುತ್ತಾರಲ್ಲ, ನಿಮ್ಮಿಂದ ಹೆಚ್ಚು ದೂರವಿಲ್ಲದ ಅನಂತಪುರದ ಕೆರೆ ದೇವಸ್ಥಾನದಲ್ಲಿ ಏನಾಯಿತು? 2022ರ ಅಕ್ಟೋಬರ್ 9ರ ರಾತ್ರಿ ಕೆರೆಯ ಮೊಸಳೆ ಬಬಿಯಾ ಸತ್ತಿತು. ಪೂಜೆಯಾದ ಮೇಲೆ ನೈವೇದ್ಯದ ಅನ್ನ ತಿನ್ನುತ್ತಿದ್ದ ಮೊಸಳೆ ಅದು. ಮರುದಿನ ಕೊನೆಯ ಬಾರಿ ನೋಡಲು ಜನ ಸಾಲಾಗಿ ಬಂದರು. ಅತ್ತವರನ್ನು ಯಾರೂ ಕೇಳಲಿಲ್ಲ, ಮೊಸಳೆಗೆ ಇಷ್ಟಾ ಎಂದು. ಕೆರೆಯ ಮೊಸಳೆಗೆ ಊರೇ ಅಳಬಹುದಾದರೆ ಜಗಲಿಯಲ್ಲಿ ಹನ್ನೆರಡು ವರ್ಷ ಮಲಗಿದವನಿಗೆ ಒಂದು ಮನೆ ಅಳಬಾರದಾ?

ಅದೂ ಯಾರ ಎದುರು ಹೇಳಿದರು ನೋಡಿ. ಅತ್ತಿಗೆ ಆ ಮನೆಯ ಮಗಳು. ಅಪ್ಪನ ಬಟ್ಟಲಲ್ಲಿ ಉಳಿದ ಅನ್ನ ಅವರ ಕಣ್ಣಿಗೆ ಬೀಳಲಿಲ್ಲ.

ಅಳುವವರಿಗೆ ಸಮಾಧಾನ ಹೇಳಲು ಯಾರಾದರೂ ಬರುತ್ತಾರೆ, ಅಳದವರನ್ನು ಮೊದಲು ನೋಡಿ ಎಂದು ಹಿಂದೆಯೂ ಇಲ್ಲಿ ಬರೆದಿದ್ದೇನೆ. ಮನುಷ್ಯರು ಹೋದರೆ ಬೊಜ್ಜ ಎನ್ನುವ ಉತ್ತರಕ್ರಿಯೆ ಇದೆ, ಬಂದು ಹೋಗುವವರು ಇದ್ದಾರೆ. ನಾಯಿ ಹೋದರೆ ಇದು ಯಾವುದೂ ಇಲ್ಲ. ಸಮಾಜ ಲೆಕ್ಕಕ್ಕೆ ಹಿಡಿಯದ ಇಂಥ ದುಃಖದ ಬಗ್ಗೆ ಅಮೆರಿಕದ ಪ್ರಾಧ್ಯಾಪಕ ಕೆನೆತ್ ಡೋಕಾ 1989ರಲ್ಲೇ ಪುಸ್ತಕ ತಂದರು. ನಿಮ್ಮ ಮಾವ ಅದನ್ನು ಓದಬೇಕಾಗಿಲ್ಲ. ಹೆಂಡತಿ ಹೋದ ಮೇಲೆ ಬೆಳಗಿನ ಹೊತ್ತು ಅವರು ಮಾತಾಡುತ್ತಿದ್ದದ್ದು ಆ ನಾಯಿಯ ಹತ್ತಿರವೇ ಇರಬೇಕು. ಈಗ ಒಬ್ಬರೇ ಅಡಿಕೆ ಹೆಕ್ಕುತ್ತಾರೆ. ಆ ಹಿಡಿ ಅನ್ನ ಕೈತಪ್ಪಿ ಉಳಿದದ್ದಲ್ಲ.

ಮರಿಯ ವಿಷಯ ಸದ್ಯ ಬಿಡಿ. ಮಾವ ತಾವಾಗಿ ಬಾಯಿ ಬಿಟ್ಟು ಕೇಳುವವರೆಗೆ ಬೇಡ. ಅತ್ತಿಗೆಗೆ ಇವತ್ತೇ ಫೋನ್ ಮಾಡಿ ಹೇಳಿಬಿಡಿ.

ನೀವು ಮಾಡಬೇಕಾದದ್ದು ಒಂದೇ. ಇವತ್ತು ರಾತ್ರಿ ಆ ಬಟ್ಟಲನ್ನು ತೊಳೆಯಲು ಹಾಕಬೇಡಿ. ಕೈಯಲ್ಲಿ ಹಿಡಿದುಕೊಂಡು, "ಮಾವ, ಬೊಳ್ಳುವಿನ ಹತ್ತಿರ ಹೋಗಿ ಬರುವ" ಎಂದು ಕರೆಯಿರಿ. ಅವರು ಮಾತಾಡಿದರೆ ಕೇಳಿ, ಮಾತಾಡದಿದ್ದರೆ ಸುಮ್ನೆ ಜೊತೆಗೆ ನಿಲ್ಲಿ. ಟಾರ್ಚ್ ಮರೆಯಬೇಡಿ, ತೋಟದಲ್ಲಿ ಹಾವು ಇರುತ್ತದೆ.