ನಿಮಗೆ ಬೇಕಾದ ಕಾಗದ ಯಾವ ಊರಲ್ಲಿದೆ?

ಪ್ರಶ್ನೆ: ನಾನು ಕರಾವಳಿಯ ಸರ್ಕಾರಿ ಪದವಿ ಕಾಲೇಜೊಂದರಲ್ಲಿ ಕನ್ನಡ ಮೇಷ್ಟ್ರು. ವಯಸ್ಸು 42. ಪಿಎಚ್.ಡಿ. ಆಗಿ ಒಂಬತ್ತು ವರ್ಷ ಆಯಿತು. 19ನೇ ಶತಮಾನದ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ ಮತ್ತು ಅಲ್ಲಿ ದುಡಿದ ಕೆಲಸಗಾರರು ನನ್ನ ವಿಷಯ. ಒಂದು ವರ್ಷದ ಮಟ್ಟಿಗೆ ಹೊರದೇಶಕ್ಕೆ ಹೋಗಿ ಪಾಠವನ್ನೋ ಸಂಶೋಧನೆಯನ್ನೋ ಮಾಡಬೇಕು ಅಂತ ಆಸೆ. ಗೆಳೆಯರು ‘ಹಾಕೋದಾದ್ರೆ ಫುಲ್‌ಬ್ರೈಟ್ ಹಾಕು, ಹೆಸರು ದೊಡ್ಡದು’ ಅನ್ನುತ್ತಾರೆ. ಹಂಬೋಲ್ಟ್, ಡಿಎಎಡಿ ಅಂತಲೂ ಕೇಳಿದ್ದೇನೆ. ಹೆಂಡತಿ ಮತ್ತು ಎಂಟು ವರ್ಷದ ಮಗಳನ್ನೂ ಕರೆದುಕೊಂಡು ಹೋಗಬೇಕು. ಯಾವುದನ್ನು ಆರಿಸಲಿ ಮೇಡಂ?
– ಹೆಸರು ಬೇಡ, ಉಡುಪಿ ಜಿಲ್ಲೆ

ಉತ್ತರ: ಮೇಷ್ಟ್ರೇ, ಮೂರು ಫೆಲೋಶಿಪ್‌ಗಳ ಹೆಸರು ಬರೆದಿದ್ದೀರಿ. ಫುಲ್‌ಬ್ರೈಟ್ ಅಮೆರಿಕದ್ದು, ಹಂಬೋಲ್ಟ್ ಮತ್ತು ಡಿಎಎಡಿ ಜರ್ಮನಿಯವು. ನೀವು ನೋಡಬೇಕಾದ ಕಾಗದಪತ್ರ ಎಲ್ಲಿದೆ ಅಂತ ಮಾತ್ರ ಬರೆದಿಲ್ಲ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಬಾಸೆಲ್ ಮಿಷನ್ನಿನ ದಾಖಲೆಗಳೆಲ್ಲ ಸೇರಿರುವುದು ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲೇ. ಅದು ಜರ್ಮನಿಯ ಗಡಿಗೆ ಅಂಟಿಕೊಂಡ ಊರು. ಅದೇ ಮಿಷನ್ನಿನ ಪಾದ್ರಿ, ಮಲಯಾಳಂ ವಿದ್ವಾಂಸ ಹರ್ಮನ್ ಗುಂಡರ್ಟ್ ಬಿಟ್ಟುಹೋದ ಹಸ್ತಪ್ರತಿ, ಪುಸ್ತಕಗಳು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿವೆ. ನಮ್ಮ ಕಿಟೆಲ್ ಕೊನೆಗಾಲ ಕಳೆದದ್ದು, 1903ರಲ್ಲಿ ತೀರಿಕೊಂಡದ್ದು ಕೂಡ ಅದೇ ಟ್ಯೂಬಿಂಗನ್‌ನಲ್ಲಿ. ಹೀಗಿರುವಾಗ ನೀವು ಅಮೆರಿಕಕ್ಕೆ ಯಾಕೆ ಹೋಗಬೇಕು? ಅರ್ಜಿ ಓದುವವರು ಕೇಳುವ ಮೊದಲ ಪ್ರಶ್ನೆಯೂ ಇದೇ. ‘ಈ ಕೆಲಸಕ್ಕೆ ಈ ದೇಶವೇ ಯಾಕೆ, ಈ ಊರೇ ಯಾಕೆ’ ಅನ್ನೋದಕ್ಕೆ ಎರಡು ಸಾಲಿನ ಗಟ್ಟಿ ಉತ್ತರ ಇಲ್ಲದಿದ್ದರೆ ಉಳಿದ ಹತ್ತು ಪುಟ ಎಷ್ಟು ಚೆನ್ನಾಗಿದ್ದರೂ ಅಷ್ಟೇ.

ಅದಕ್ಕೂ ಮೊದಲು ಇನ್ನೊಂದು ಕೆಲಸ ಇದೆ. ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಸಂಗ್ರಹವನ್ನು ನೋಡಿಯೇ ಇರುತ್ತೀರಿ. ಟ್ಯೂಬಿಂಗನ್‌ನವರು ಗುಂಡರ್ಟ್ ಸಂಗ್ರಹವನ್ನು ಸ್ಕ್ಯಾನ್ ಮಾಡಿ 2018ರಿಂದ ಎಲ್ಲರಿಗೂ ಪುಕ್ಕಟೆಯಾಗಿ ತೆರೆದಿಟ್ಟಿದ್ದಾರೆ. ಅದರಲ್ಲಿ ಮಲಯಾಳಂ ಜಾಸ್ತಿ, ಆದರೆ ಕನ್ನಡದ್ದೂ ಇದೆ. ಬಾಸೆಲ್‌ನವರ ಹಳೆಯ ಫೋಟೊಗಳು, ನಕ್ಷೆಗಳು ಕೂಡ ಅಂತರ್ಜಾಲದಲ್ಲಿ ಸಿಗುತ್ತವೆ. ಇಷ್ಟನ್ನೂ ನೋಡದೆ ಅರ್ಜಿ ಹಾಕಿದರೆ ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಗುತ್ತದೆ. ಮನೆಯಲ್ಲೇ ಸಿಗುವುದನ್ನು ಮುಗಿಸಿ. ಆಮೇಲೆ ‘ಇಷ್ಟು ನೋಡಿದ್ದೇನೆ, ಇದೊಂದು ಇಲ್ಲಿ ಸಿಗುವುದಿಲ್ಲ, ಅದಕ್ಕೇ ಬರುತ್ತಿದ್ದೇನೆ’ ಅಂತ ಬರೆಯಿರಿ. ಅರ್ಜಿಗೆ ತೂಕ ಬರುವುದು ಅಲ್ಲಿ.

ಈಗ ಫೆಲೋಶಿಪ್ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ‘ಒಂಬತ್ತು ವರ್ಷ’ ಅನ್ನುವ ಮಾತು. ಈ ಲೋಕದಲ್ಲಿ ನಿಮ್ಮ ಹುಟ್ಟಿದ ತಾರೀಕಿಗಿಂತ ಪಿಎಚ್.ಡಿ. ತಾರೀಕು ಮುಖ್ಯ. ಕೆಲವು ಬಾಗಿಲು ಆ ತಾರೀಕಿನಿಂದ ಎಣಿಸಿ ಮುಚ್ಚಿಕೊಳ್ಳುತ್ತವೆ. ಇನ್ನು ಕೆಲವು ಎಷ್ಟು ವರ್ಷವಾದರೂ ತೆರೆದೇ ಇರುತ್ತವೆ.

ನಿಮ್ಮ ಗೆಳೆಯರು ‘ಫುಲ್‌ಬ್ರೈಟ್’ ಅಂದಾಗ ಅದು ಒಂದೇ ಫೆಲೋಶಿಪ್ ಅಂದುಕೊಂಡಂತಿದೆ. ಎ.ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ಮೇಲೆ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಭಾಷಾವಿಜ್ಞಾನ ಓದಲಿಕ್ಕೆ. ಗಿರೀಶ ಕಾರ್ನಾಡರು 1987ರಲ್ಲಿ ಷಿಕಾಗೊ ವಿಶ್ವವಿದ್ಯಾಲಯಕ್ಕೆ ಹೋದದ್ದು ನಾಟಕಕಾರರಾಗಿ. ಹೆಸರು ಒಂದೇ, ಒಳಗಿನ ಕೋಣೆ ಬೇರೆ ಬೇರೆ. ಭಾರತದ ಜೊತೆ ಅಮೆರಿಕ ಈ ಒಪ್ಪಂದ ಮಾಡಿಕೊಂಡದ್ದು 1950ರಲ್ಲಿ. ಈಗ ಇಲ್ಲಿ ಇದನ್ನು ಫುಲ್‌ಬ್ರೈಟ್–ನೆಹರು ಅನ್ನುತ್ತಾರೆ. ಅದರಲ್ಲಿ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಪಿಎಚ್.ಡಿ. ಆಗಿ 4 ವರ್ಷದೊಳಗಿನವರಿಗೆ. ಆ ಬಾಗಿಲು ನಿಮಗೆ ಯಾವತ್ತೋ ಮುಚ್ಚಿದೆ. ನಿಮಗೆ ಹೊಂದುವುದು ‘ಅಕಾಡೆಮಿಕ್ ಅಂಡ್ ಪ್ರೊಫೆಷನಲ್ ಎಕ್ಸಲೆನ್ಸ್’ ಅನ್ನುವ ಉದ್ದ ಹೆಸರಿನದು. ಪಿಎಚ್.ಡಿ. ಅಥವಾ ಅದಕ್ಕೆ ಸಮನಾದ ಪ್ರಕಟಣೆ ಇರಬೇಕು, ಜೊತೆಗೆ ಕನಿಷ್ಠ 5 ವರ್ಷ ಪಾಠ ಅಥವಾ ಸಂಶೋಧನೆಯ ಅನುಭವ ಬೇಕು. 4ರಿಂದ 9 ತಿಂಗಳು. ಪಾಠ ಮಾಡಬಹುದು, ಸಂಶೋಧನೆ ಮಾಡಬಹುದು, ಎರಡನ್ನೂ ಸೇರಿಸಬಹುದು. ಪಿಎಚ್.ಡಿ. ಆಗಿ ಇಷ್ಟೇ ವರ್ಷದೊಳಗೆ ಹಾಕಬೇಕು ಅನ್ನುವ ಗಡಿ ಇದಕ್ಕಿಲ್ಲ.

ಪಾಠದ ಆಸೆ ಇದ್ದರೆ ನಿಮ್ಮ ಪಟ್ಟಿಯಲ್ಲಿ ದಾರಿ ಇದೊಂದೇ. ಹಂಬೋಲ್ಟ್ ಆಗಲಿ ಡಿಎಎಡಿಯ ಸಂಶೋಧನಾ ಭೇಟಿಯಾಗಲಿ ಪಾಠಕ್ಕೆ ದುಡ್ಡು ಕೊಡುವುದಿಲ್ಲ. ಆದರೆ ಒಂದು ಮಾತು ನೆನಪಿರಲಿ. ಅಲ್ಲಿ ಕನ್ನಡವನ್ನೇ ಕಲಿಸುವ ತರಗತಿ ಸಿಗುವುದು ಅಪರೂಪ. ‘ಮುದ್ರಣ ಬಂದ ಮೇಲೆ ಭಾರತೀಯ ಭಾಷೆಗಳು’ ಅನ್ನುವಂಥ ಒಂದು ಕೋರ್ಸನ್ನು, ಕನ್ನಡ ಒಂದಕ್ಷರವೂ ಬಾರದ ಇಪ್ಪತ್ತು ವರ್ಷದ ಹುಡುಗರಿಗೆ ಇಂಗ್ಲಿಷಿನಲ್ಲಿ ಹೇಳಿಕೊಡಲು ತಯಾರಿದ್ದೀರಾ? ಇದ್ದರೆ ಆ ಕೋರ್ಸಿನ ವಾರವಾರದ ಪಾಠಪಟ್ಟಿಯನ್ನು ಈಗಲೇ ಬರೆದು ನೋಡಿ. ಆರನೇ ವಾರಕ್ಕೆ ಏನು ಓದಿಸಬೇಕು ಅಂತ ತೋಚದಿದ್ದರೆ, ನಿಮಗೆ ನಿಜವಾಗಿ ಬೇಕಿರುವುದು ಸಂಶೋಧನೆ ಅಂತ ಗೊತ್ತಾಗುತ್ತದೆ. ನನ್ನ ಅನುಮಾನ, ನಿಮಗೆ ಬೇಕಿರುವುದು ಅದೇ.

ಹಂಬೋಲ್ಟ್ ಸಂಶೋಧನಾ ಫೆಲೋಶಿಪ್ಪಿನಲ್ಲಿ ‘ಅನುಭವಿ ಸಂಶೋಧಕ’ ಅನ್ನುವ ವಿಭಾಗ ಇದೆ. ಪಿಎಚ್.ಡಿ. ಆಗಿ 12 ವರ್ಷದೊಳಗೆ ಇರಬೇಕು. ಅಂದರೆ ನಿಮಗೆ ಇನ್ನು ಮೂರು ವರ್ಷ ಉಳಿದಿದೆ. 6ರಿಂದ 18 ತಿಂಗಳು ಕೊಡುತ್ತಾರೆ. ನಿಮ್ಮಂಥ ಕಾಲೇಜು ಮೇಷ್ಟ್ರಿಗೆ ಇದರಲ್ಲಿ ಅನುಕೂಲ ಏನು ಅಂದರೆ, ಆ ಅವಧಿಯನ್ನು ಮೂರು ವರ್ಷದೊಳಗೆ ಮೂರು ಕಂತಿನವರೆಗೆ ಒಡೆದುಕೊಳ್ಳಬಹುದು. ಒಂದೇ ಸಲ ವರ್ಷಗಟ್ಟಲೆ ರಜೆ ಕೇಳುವುದಕ್ಕೂ ಇದಕ್ಕೂ ಅಜಗಜಾಂತರ. ಜರ್ಮನಿಯಲ್ಲಿ ಇದ್ದುಕೊಂಡೇ ಬಾಸೆಲ್‌ಗೆ ರೈಲು ಹತ್ತಿ ಹೋಗಿಬರಬಹುದು.

ತೊಡಕು ಭಾಷೆಯದು. ಮಾನವಿಕ ವಿಷಯದವರಿಗೆ, ಕೆಲಸಕ್ಕೆ ಜರ್ಮನ್ ಬೇಕೇಬೇಕು ಅಂತಿದ್ದರೆ ಅದು ಚೆನ್ನಾಗಿ ಬರಬೇಕು ಅನ್ನುತ್ತಾರೆ. ಮಿಷನ್ನಿನ ವಾರ್ಷಿಕ ವರದಿಗಳು ಇಂಗ್ಲಿಷಿನಲ್ಲೂ ಅಚ್ಚಾಗಿವೆ ನಿಜ. ಆದರೆ ಅಚ್ಚುಮೊಳೆ ಜೋಡಿಸುವವನಿಗೆ ಸಂಬಳ ಎಷ್ಟು, ಯಾರನ್ನು ಯಾಕೆ ಕೆಲಸದಿಂದ ತೆಗೆದರು ಅನ್ನುವಂಥದ್ದನ್ನು ನೀವು ಪಾದ್ರಿಗಳ ಕಾಗದಗಳಲ್ಲೇ ಹುಡುಕಬೇಕಲ್ವಾ? ಆ ಕಾಲದ ಜರ್ಮನ್ ಕಾಗದ ‘ಕುರೆಂಟ್’ ಅನ್ನುವ ಹಳೆಯ ಕೈಬರಹದಲ್ಲಿರುತ್ತದೆ. ನಮ್ಮ ಮೋಡಿ ಲಿಪಿ ಇದ್ದ ಹಾಗೆ. ಇವತ್ತಿನ ಜರ್ಮನ್ ಹುಡುಗರಿಗೇ ಅದು ಓದಲು ಬರುವುದಿಲ್ಲ. ಹೋದ ಮೇಲೆ ಕಲಿತರಾಯಿತು ಅಂತ ಸುಮ್ನೆ ಕೂತರೆ ಮೊದಲ ನಾಲ್ಕು ತಿಂಗಳು ಅಕ್ಷರಾಭ್ಯಾಸದಲ್ಲೇ ಕಳೆಯುತ್ತದೆ. ಹಂಬೋಲ್ಟ್‌ನವರು ಆಯ್ಕೆಯಾದವರಿಗೆ ಭಾಷಾ ಕೋರ್ಸ್ ಕೊಡಿಸುತ್ತಾರೆ, ಸರಿ. ಆದರೂ ಓದುವಷ್ಟು ಜರ್ಮನ್ನನ್ನು ಇಲ್ಲಿಂದಲೇ ಕಲಿತು ಹೋಗಿ.

ಆದ್ದರಿಂದ ನಾನು ಹೇಳುವ ದಾರಿ ಹೀಗಿದೆ. ಈ ವರ್ಷ ಜರ್ಮನ್ ಶುರು ಮಾಡಿ. ಜೊತೆಗೇ ಡಿಎಎಡಿಯ ಸಂಶೋಧನಾ ಭೇಟಿಗೆ ಹಾಕಿ. ಅದು 1ರಿಂದ 3 ತಿಂಗಳಿನದು. ಅಷ್ಟರಲ್ಲಿ ಪುಸ್ತಕ ಮುಗಿಯುವುದಿಲ್ಲ, ಆದರೆ ಯಾವ ಪೆಟ್ಟಿಗೆಯಲ್ಲಿ ಏನಿದೆ ಅಂತ ಗೊತ್ತಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಅಲ್ಲಿನ ಒಬ್ಬ ಪ್ರಾಧ್ಯಾಪಕರ ಪರಿಚಯ ಆಗುತ್ತದೆ. ಹಂಬೋಲ್ಟ್‌ಗೆ ಅಲ್ಲಿಯ ಆತಿಥೇಯರ ಒಪ್ಪಿಗೆ ಪತ್ರ ಬೇಕೇ ಬೇಕು. ಮುಖ ನೋಡದವರಿಗೆ ಅಂಥ ಪತ್ರ ಬರೆಯಲು ಯಾರೇ ಆದರೂ ಹಿಂಜರಿಯುತ್ತಾರೆ. ಟ್ಯೂಬಿಂಗನ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ವುರ್ಟ್ಸ್‌ಬುರ್ಗ್‌ನ ಇಂಡಾಲಜಿ ವಿಭಾಗ ಕನ್ನಡ, ತುಳು ಕೆಲಸಕ್ಕೆ ಹೆಸರಾದದ್ದು, ಅಲ್ಲಿಗೂ ಬರೆಯಿರಿ. ಹಂಬೋಲ್ಟ್ ಆ ಮೂರು ವರ್ಷದೊಳಗೆ ಆಗಿಬಿಡಬೇಕು. ಫುಲ್‌ಬ್ರೈಟ್ ಆಮೇಲೆ, ಪುಸ್ತಕ ಕೈಗೆ ಬಂದ ಮೇಲೆ, ಅದರ ಮೇಲೆ ಪಾಠ ಮಾಡಲಿಕ್ಕೆ. ಅದು ಎಲ್ಲಿಗೂ ಓಡಿಹೋಗಲ್ಲ.

ಇನ್ನು ರಜೆ. ಫುಲ್‌ಬ್ರೈಟ್ ಅರ್ಜಿಯ ಜೊತೆಗೇ ‘ಆಯ್ಕೆಯಾದರೆ ರಜೆ ಕೊಡುತ್ತೇವೆ’ ಅಂತ ಕೆಲಸ ಕೊಟ್ಟವರ ಸಹಿ ಹೋಗಬೇಕು. ಸಾಮಾನ್ಯವಾಗಿ ಜುಲೈ ಮಧ್ಯಕ್ಕೆ ಅರ್ಜಿ ಮುಗಿಯುತ್ತದೆ. ಜೂನಿನಲ್ಲಿ ಎನ್‌ಒಸಿಗೆ ಓಡಾಡಲು ಹೊರಟರೆ ಆಗುವ ಮಾತಲ್ಲ. ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ನನಗೆ ಮೊದಲ ಸಲ ಅವಕಾಶ ಬಂದಾಗ ನನ್ನ ಕಡತ ಒಂದು ಕಚೇರಿಯಲ್ಲಿ ನಾಲ್ಕು ತಿಂಗಳು ಕೂತಿತ್ತು. ವಿಚಾರಿಸಲು ಹೋದಾಗಲೆಲ್ಲ ‘ಮೇಲೆ ಹೋಗಿದೆ’ ಅನ್ನುತ್ತಿದ್ದರು. ಕೊನೆಗೆ ಅದು ಇಳಿದು ಬರುವಷ್ಟರಲ್ಲಿ ಅಲ್ಲಿಯ ಸೆಮಿಸ್ಟರ್ ಅರ್ಧ ಮುಗಿದಿತ್ತು. ಆದ್ದರಿಂದ ಪ್ರಾಂಶುಪಾಲರಿಗೆ ಇವತ್ತೇ ಬಾಯಿಮಾತಿನಲ್ಲಿ ಹೇಳಿಡಿ. ಯಾವ ರಜೆ, ಸಂಬಳ ಇದೆಯೋ ಇಲ್ಲವೋ, ಬಾಂಡ್ ಬರೆದುಕೊಡಬೇಕೋ ಅನ್ನುವುದನ್ನು ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ.

ಮನೆಯವರ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಫುಲ್‌ಬ್ರೈಟ್‌ನವರು ಜೊತೆಗೆ ಬರುವವರಲ್ಲಿ ಒಬ್ಬರ ವಿಮಾನ ಖರ್ಚು ಕೊಡಬಹುದು, ಅದೂ ಹಣ ಇದ್ದರೆ, ಮತ್ತು ಅವರು ನಿಮ್ಮ ಅವಧಿಯ 80% ಕಾಲ ಜೊತೆಗಿದ್ದರೆ. ಮೂರು ತಿಂಗಳ ಡಿಎಎಡಿಗೆ ಮಗಳ ಶಾಲೆ ಬಿಡಿಸಬೇಡಿ. ಕರೆದುಕೊಂಡು ಹೋಗುವುದಾದರೆ ಹಂಬೋಲ್ಟ್‌ನ ಒಂದು ಉದ್ದನೆಯ ಕಂತಿಗೆ ಹೋಗಲಿ. ಎಂಟು ವರ್ಷದ ಮಗು ಅಲ್ಲಿಯ ಶಾಲೆಯಲ್ಲಿ ಆರು ತಿಂಗಳಿಗೆ ನಿಮಗಿಂತ ಚೆನ್ನಾಗಿ ಜರ್ಮನ್ ಆಡುತ್ತಾಳೆ, ನೋಡ್ತಾ ಇರಿ.

ಪ್ರಶ್ನೆ: ಸಸ್ಯವಿಜ್ಞಾನದಲ್ಲಿ ಪಿಎಚ್.ಡಿ. ಮುಗಿಸಿ ಒಂದೂವರೆ ವರ್ಷ ಆಯಿತು. ಫುಲ್‌ಬ್ರೈಟ್–ನೆಹರು ಪೋಸ್ಟ್‌ಡಾಕ್, ಯುರೋಪಿನ ಮೇರಿ ಕ್ಯೂರಿ, ಜಪಾನಿನ ಜೆಎಸ್‌ಪಿಎಸ್, ಮೂರೂ ಕಣ್ಣಮುಂದಿವೆ. ಮುಂದೆ ಐದಾರು ವರ್ಷ ಹೊರದೇಶದಲ್ಲೇ ಇರುವ ಮನಸ್ಸಿದೆ. ಯಾವುದು ಮೊದಲು?
– ಸಂಶೋಧಕಿ, ಧಾರವಾಡ

ಉತ್ತರ: ಕೊನೆಯ ಸಾಲೇ ಮುಖ್ಯ. ಫುಲ್‌ಬ್ರೈಟ್‌ಗೆ ಹೋಗುವವರಿಗೆ ಜೆ-1 ವೀಸಾ, ಅಂದರೆ ಅಮೆರಿಕದ ವಿನಿಮಯ ಕಾರ್ಯಕ್ರಮದ ವೀಸಾ. ಅದರ ಜೊತೆ ಒಂದು ಷರತ್ತು ಇದೆ: ಮುಗಿದ ಮೇಲೆ ಒಟ್ಟು ಎರಡು ವರ್ಷ ಸ್ವದೇಶದಲ್ಲಿ ಇರದೆ ಅಮೆರಿಕದಲ್ಲಿ ಎಚ್-1ಬಿಯಂಥ ಕೆಲಸದ ವೀಸಾ ಆಗಲಿ ಗ್ರೀನ್ ಕಾರ್ಡ್ ಆಗಲಿ ಸಿಗುವುದಿಲ್ಲ. ಜೆ-2 ವೀಸಾದಲ್ಲಿ ಜೊತೆಗೆ ಬಂದ ಗಂಡನಿಗೂ ಇದೇ ಕಟ್ಟು. ವಾಪಸ್ ಬಂದು ಇಲ್ಲಿ ಕೆಲಸ ಹಿಡಿಯುವವರಿಗೆ ಅದೊಂದು ತೊಂದರೆಯೇ ಅಲ್ಲ. ಅಮೆರಿಕದಲ್ಲೇ ಮುಂದುವರಿಯಬೇಕು ಅನ್ನುವವರಿಗೆ ಗೋಡೆ. ನಿಮ್ಮ ಮನಸ್ಸು ಅಲ್ಲೇ ಇದ್ದರೆ ಫುಲ್‌ಬ್ರೈಟ್ ಬೇಡ, ನೇರವಾಗಿ ಒಂದು ಲ್ಯಾಬಿನ ಸಂಬಳದ ಪೋಸ್ಟ್‌ಡಾಕ್ ಹುಡುಕಿ. ಅದಕ್ಕೂ ಜೆ-1 ಕೊಟ್ಟರೆ ಈ ಷರತ್ತು ಅಂಟುತ್ತದೆಯೋ ಇಲ್ಲವೋ ಅಂತ ಮೊದಲೇ ಕೇಳಿ.

ಉಳಿದ ಎರಡರಲ್ಲಿ ತಾರೀಕು ಎಣಿಸಿ. ಜೆಎಸ್‌ಪಿಎಸ್‌ಗೆ ಪಿಎಚ್.ಡಿ. ಆಗಿ 6 ವರ್ಷದೊಳಗೆ, ಮೇರಿ ಕ್ಯೂರಿಗೆ ಪಿಎಚ್.ಡಿ. ನಂತರದ ಸಂಶೋಧನೆ 8 ವರ್ಷದೊಳಗೆ. ಹಾಗಾಗಿ ಜಪಾನ್ ಮೊದಲು, ಯುರೋಪ್ ಆಮೇಲೆ ಅನ್ನುವ ಕ್ರಮ ನಡೆಯುತ್ತದೆ. ಜಪಾನಿಗೆ ಅರ್ಜಿ ಹಾಕುವುದು ನೀವಲ್ಲ, ಅಲ್ಲಿಯ ಆತಿಥೇಯ ಪ್ರೊಫೆಸರ್. ಅಂದರೆ ಅವರಿಗೆ ನಿಮ್ಮ ಪರವಾಗಿ ಕೂತು ಕೆಲಸ ಮಾಡುವಷ್ಟು ಆಸಕ್ತಿ ಹುಟ್ಟಬೇಕು. ಮೇರಿ ಕ್ಯೂರಿಯಲ್ಲಿ ನೀವು ಕಾಂಟ್ರಾಕ್ಟ್ ಮೇಲಿನ ನೌಕರರು, ಸ್ಟೈಪೆಂಡ್ ಪಡೆಯುವವರಲ್ಲ. ಅದರ ಇನ್ನೊಂದು ನಿಯಮದಲ್ಲಿ ಎಷ್ಟೋ ಮಂದಿ ಎಡವುತ್ತಾರೆ: ಕೊನೆಯ ದಿನಾಂಕಕ್ಕೆ ಹಿಂದಿನ 36 ತಿಂಗಳಲ್ಲಿ, ನೀವು ಹೋಗಲಿರುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಜರ್ಮನಿಯಲ್ಲಿ ಎರಡು ವರ್ಷ ಇನ್ನೊಂದು ಪೋಸ್ಟ್‌ಡಾಕ್ ಮಾಡಿ, ಅಲ್ಲಿಂದಲೇ ಜರ್ಮನಿಗೆ ಮೇರಿ ಕ್ಯೂರಿ ಹಾಕಿದರೆ ಅರ್ಜಿ ಓದದೆ ಪಕ್ಕಕ್ಕಿಡುತ್ತಾರೆ.

ಪ್ರಶ್ನೆ: ಒಂದು ಸಂಸ್ಥೆಯಿಂದ ‘ಇಂಟರ್‌ನ್ಯಾಷನಲ್ ವಿಸಿಟಿಂಗ್ ಫೆಲೋ ಆಗಿ ಆಯ್ಕೆಯಾಗಿದ್ದೀರಿ’ ಅಂತ ಮೇಲ್ ಬಂದಿದೆ. ನಾನು ಅರ್ಜಿಯನ್ನೇ ಹಾಕಿರಲಿಲ್ಲ. ನೋಂದಣಿಗೆ 300 ಡಾಲರ್ ಕೇಳುತ್ತಿದ್ದಾರೆ. ಕಟ್ಟಲೇ?
– ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕ, ತುಮಕೂರು

ಉತ್ತರ: ಕಟ್ಟಬೇಡಿ. ಫೆಲೋಶಿಪ್ ಅಂದರೆ ಅವರು ನಿಮಗೆ ದುಡ್ಡು ಕೊಡುವುದು. ಅರ್ಜಿಯನ್ನೇ ಹಾಕದವರನ್ನು ಯಾರೂ ಆರಿಸುವುದಿಲ್ಲ. ಈಗಾಗಲೇ ಕಟ್ಟಿಬಿಟ್ಟಿದ್ದರೆ ಇವತ್ತೇ ಬ್ಯಾಂಕಿಗೆ ತಿಳಿಸಿ, 1930ಕ್ಕೆ ಫೋನ್ ಮಾಡಿ ಸೈಬರ್ ದೂರು ಕೊಡಿ.