ಬಾಯಿ ಕಟ್ಟಲು ಆಗದಿರುವುದು ನಿಮ್ಮ ತಪ್ಪಲ್ಲ

ಪ್ರಶ್ನೆ: ಡಾಕ್ಟ್ರೇ, 8 ತಿಂಗಳು ಪಟ್ಟು ಹಿಡಿದು 11 ಕಿಲೋ ಇಳಿಸಿದೆ. ಈಗ ಮೊದಲಿಗಿಂತ ಹಸಿವು ಜಾಸ್ತಿ. ರಾತ್ರಿ 10 ಗಂಟೆಗೆ ಚಕ್ಕುಲಿ ಡಬ್ಬಿಗೆ ಕೈ ಹೋಗುತ್ತದೆ. ‘ನಿನಗೆ ಬಾಯಿ ಕಟ್ಟೋಕೆ ಆಗಲ್ಲ’ ಅಂತಾರೆ ಮನೆಯವರು. ಹಸಿವಿನ ಹಾರ್ಮೋನು ತಡೆಯೋ ಮಾತ್ರೆ ಇದೆಯಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಮೊದಲು ಆ ಮಾತನ್ನು ಮನಸ್ಸಿನಿಂದ ತೆಗೆಯಿರಿ ತಾಯಿ. ತೂಕ ಇಳಿದರೆ ಹೊಟ್ಟೆ ಸುಮ್ನೆ ಕೂರಲ್ಲ, ಗ್ರೆಲಿನ್ ಅನ್ನೋ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 6 ತಿಂಗಳು ಪಥ್ಯ ಮಾಡಿ ಇಳಿದವರ ರಕ್ತದಲ್ಲಿ ಅದು ಶೇ 24ರಷ್ಟು ಏರಿತ್ತು. ಪಥ್ಯ ಬಿಟ್ಟವರಲ್ಲ, ಮಾಡಿದವರು!

ಗ್ರೆಲಿನ್ ಮಿದುಳಿಗೆ ಹೋಗಿ ತನ್ನದೇ ರಿಸೆಪ್ಟರ್, ಅಂದರೆ ಹಾರ್ಮೋನಿನ ಸಂದೇಶ ಹಿಡಿಯುವ ಜಾಗದ ಮೇಲೆ ಕೂರುತ್ತದೆ. ಆಗ ಹಸಿವು ಕೆರಳುತ್ತದೆ. ಈ ರಿಸೆಪ್ಟರ್ ಸಿಮ್‌ನಲ್ಲಿಟ್ಟ ಗ್ಯಾಸ್ ಒಲೆಯ ಹಾಗೆ. ಗ್ರೆಲಿನ್ ಬರದಿದ್ದರೂ ಸಣ್ಣಗೆ ಉರಿಯುತ್ತಲೇ ಇರುತ್ತದೆ. ಬಂದರೆ ಉರಿ ಜೋರಾಗುತ್ತದೆ. ಹುಟ್ಟಿನಿಂದಲೇ ಆ ಸಣ್ಣ ಉರಿ ಇಲ್ಲದ ಕೆಲವು ಮಕ್ಕಳು ಕುಳ್ಳಗೆ ಉಳಿದಿದ್ದಾರೆ. ಬೆಳವಣಿಗೆಯ ಹಾರ್ಮೋನಿಗೂ ಇದೇ ಒಲೆ ಬೇಕು.

ತೂಕ ಇಳಿಸಲು ಇದನ್ನು ತಡೆಯುವ ಮಾತ್ರೆ ಇನ್ನೂ ಬಂದಿಲ್ಲ. ಬಂದಿರುವುದು ಉಲ್ಟಾ ಮಾತ್ರೆ: ಕ್ಯಾನ್ಸರ್‌ನಿಂದ ಸೊರಗಿದವರಿಗೆ ಇದೇ ರಿಸೆಪ್ಟರನ್ನು ಎಬ್ಬಿಸುವ ಅನಮೊರೆಲಿನ್. ಜಪಾನ್ 2021ರಲ್ಲಿ ಒಪ್ಪಿತು. ಅಂಥ ಮಾತ್ರೆ ಎಷ್ಟು ಮುಖ್ಯ ಅಂತ ನನಗೆ ಗೊತ್ತು. ನನ್ನ ತಂದೆಗೆ ಕ್ಯಾನ್ಸರ್ ಆಗಿತ್ತು. ಅಮ್ಮ ಬಿಸಿ ಮುದ್ದೆ, ಬಸ್ಸಾರು ಮುಂದಿಟ್ಟರೆ ಒಂದು ತುತ್ತು ಮುರಿದು, ಬೆರಳಲ್ಲೇ ಹಿಡಿದು ಕೂತಿರುತ್ತಿದ್ದರು. ಮುದ್ದೆ ಆರಿ ಮೇಲೆ ಪೊರೆ ಕಟ್ಟುತ್ತಿತ್ತು. ಹಸಿವೇ ಬಾರದ ಮನೆ ಹೇಗಿರುತ್ತದೆ ಅಂತ ಆಗ ನೋಡಿದೆ.

ನೀವು ಇಷ್ಟು ಮಾಡಿ. ರಾತ್ರಿ ಊಟ ದಿನಾ ಒಂದೇ ಹೊತ್ತಿಗಿರಲಿ, ಗ್ರೆಲಿನ್ ರೂಢಿಯ ಊಟದ ಹೊತ್ತಿಗೆ ಏರುತ್ತದೆ. ತಟ್ಟೆಯಲ್ಲಿ ಮೊಳಕೆ ಕಾಳೋ ಮೊಟ್ಟೆಯೋ ಇರಲೇಬೇಕು. ನಿದ್ದೆ ಕೆಡಿಸಬೇಡಿ, ನಿದ್ದೆಗೆಟ್ಟವರಲ್ಲೂ ಅದು ಏರಿದ್ದು ಕಂಡಿದೆ. ಹಸಿವಿನ ಜೊತೆ ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ ಸಕ್ಕರೆ ಪರೀಕ್ಷೆ ಮಾಡಿಸಿ.

ಇವತ್ತು ರಾತ್ರಿ ಊಟಕ್ಕೆ ಕೂತಾಗ ಈ ಪುಟವನ್ನು ಮನೆಯವರಿಗೂ ಓದಿ ಹೇಳಿ.