ಡಿಗೆ ಹಾಕಿದ್ರೆ ತಡವಾಗಿ ಹಿಡಿಯುತ್ತೆ, ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಪೂರ್ತಿ ಬದಲಾಯಿಸಲೇಬೇಕಾ?

ಬೇಡ, ಈಗಲೇ ಅಂತೂ ಬೇಡವೇ ಬೇಡ. ನೀವು ಬರೆದಿರೋದು ಇಷ್ಟು: ಗಾಡಿ 1 ಲಕ್ಷ ಕಿಮೀ ದಾಟಿದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿ ಡಿಗೆ (ಮುಂದೆ ಹೋಗೋ ಗೇರ್‌ಗೆ) ಹಾಕಿದ್ರೆ ಎರಡು ಸೆಕೆಂಡ್ ಏನೂ ಆಗಲ್ಲ ಆಮೇಲೆ ದಡ್ ಅಂತ ಹಿಡಿಯುತ್ತೆ, ಓಡ್ತಾ ಇರುವಾಗ ಗೇರ್ ಸರಿಯಾಗೇ ಬೀಳುತ್ತೆ, ಗೇರ್‌ಬಾಕ್ಸ್ ಆಯಿಲ್ ಒಂದು ಸಲಾನೂ ಬದಲಾಯಿಸಿಲ್ಲ ಯಾಕಂದ್ರೆ ಲೈಫ್‌ಟೈಮ್ ಆಯಿಲ್ ಅಂತ ಹೇಳಿದ್ರು, ಈಗ ವರ್ಕ್‌ಶಾಪ್‌ನವರು ಸ್ಕ್ಯಾನರ್ ಹಾಕಿ ಪಿ0700 ಕೋಡ್ ತೋರಿಸಿ ಗೇರ್‌ಬಾಕ್ಸ್ ಹೋಗಿದೆ ಅಂತಿದಾರೆ. ನಾನು ದಿನಾ ಗೇರ್‌ಬಾಕ್ಸ್ ಬಿಚ್ಚಿ ಕಟ್ಟೋ ಕೆಲಸದಲ್ಲೇ ಇರೋನು. ಇಷ್ಟನ್ನೇ ನೋಡಿ ಗೇರ್‌ಬಾಕ್ಸ್ ಹೋಗಿದೆ ಅಂತ ಹೇಳೋಕೆ ಬರಲ್ಲ.

ಮೊದಲು ಆ ಕೋಡ್ ವಿಷಯ. ಪಿ0700 ಅಂದ್ರೆ ಗೇರ್‌ಬಾಕ್ಸ್ ಕಂಟ್ರೋಲ್ ಯೂನಿಟ್‌ನಲ್ಲಿ ಏನೋ ದೂರು ದಾಖಲಾಗಿದೆ, ಹೋಗಿ ನೋಡಿ ಅಂತ ಅಷ್ಟೇ. ನಿಜವಾದ ಕೋಡ್ ಆ ಯೂನಿಟ್ ಒಳಗಿರುತ್ತೆ, ಅದನ್ನ ಓದೋ ಸ್ಕ್ಯಾನರ್ ಬೇಕು. ಅಲ್ಲಿ ಪಿ0730 ಬಂದ್ರೆ ಗೇರ್ ರೇಶಿಯೋ ತಾಳೆ ಆಗ್ತಿಲ್ಲ ಅಂದ್ರೆ ಒಳಗೆ ಎಲ್ಲೋ ಸ್ಲಿಪ್ ಆಗ್ತಿರಬಹುದು, ಪಿ0741 ಬಂದ್ರೆ ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತಿಯನ್ನ ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ಸಾಗಿಸೋ ಭಾಗ) ಒಳಗಿನ ಲಾಕಪ್ ಕ್ಲಚ್ ಕಡೆ ನೋಡಬೇಕು, ಎರಡಕ್ಕೂ ರಿಪೇರಿ ದಾರಿ ಬೇರೆಬೇರೆ. ಬ್ಯಾಟರಿ ಹಳೇದಾಗಿ ವೋಲ್ಟೇಜ್ ಬಿದ್ದಿದ್ರೂ ಈ ಯೂನಿಟ್ ಸುಮ್‌ಸುಮ್ನೆ ಕೋಡ್ ಹಾಕುತ್ತೆ, ಅದನ್ನೂ ಒಂದ್ಸಲ ಚೆಕ್ ಮಾಡಿಸಿ.

ಇನ್ನೊಂದು ನೀವೇ ನೋಡಬಹುದು. ತಡ ಆಗೋದು ಡಿಗೆ ಮಾತ್ರಾನಾ ಅಥವಾ ರಿವರ್ಸ್‌ಗೂನಾ? ಎರಡರಲ್ಲೂ ತಡ ಅಂದ್ರೆ ಆಯಿಲ್ ಪ್ರೆಶರ್ ಎದ್ದೇಳೋದೇ ನಿಧಾನ, ಅಂದ್ರೆ ಆಯಿಲ್ ಲೆವೆಲ್ ಕಮ್ಮಿ ಇರಬಹುದು, ಫಿಲ್ಟರ್ ಕಟ್ಟಿರಬಹುದು, ಇಲ್ಲಾ ರಾತ್ರಿಯಿಡೀ ಕನ್ವರ್ಟರ್‌ನಿಂದ ಆಯಿಲ್ ಕೆಳಗೆ ಇಳಿದುಬಿಡ್ತಿರಬಹುದು. ಡಿಯಲ್ಲಿ ಮಾತ್ರ ತಡ, ರಿವರ್ಸ್ ಟಕ್ ಅಂತ ಹಿಡಿಯುತ್ತೆ ಅಂದ್ರೆ ಮುಂದೆ ಹೋಗೋ ಗೇರ್‌ನ ಕ್ಲಚ್ ಪಿಸ್ಟನ್ ಸೀಲು (ಕ್ಲಚ್ ಒತ್ತೋ ಪಿಸ್ಟನ್ ಸುತ್ತಲಿನ ರಬ್ಬರ್ ರಿಂಗು) ಗಟ್ಟಿಯಾಗಿರೋ ಅನುಮಾನ ಜಾಸ್ತಿ, ಬಿಸಿಯಾದ ಮೇಲೆ ಸೀಲು ಮೆತ್ತಗಾಗಿ ಸರಿಹೋಗುತ್ತೆ, ಅದಕ್ಕೇ ಬೆಳಿಗ್ಗೆ ಮಾತ್ರ ತೊಂದರೆ ಕಾಣೋದು. ಆ ದಡ್ ಅನ್ನೋ ಸದ್ದಿಗೆ ಇಂಜಿನ್ ಮೌಂಟ್ (ಇಂಜಿನ್ ಕೂರಿಸಿರೋ ರಬ್ಬರ್ ಆಧಾರ) ಸವೆದಿರೋದೂ ಕಾರಣ ಆಗಬಹುದು, ಗೇರ್‌ಬಾಕ್ಸ್ ಮೇಲೆ ತಪ್ಪು ಹೊರಿಸೋ ಮುಂಚೆ ಬಾನೆಟ್ ಎತ್ತಿ ಯಾರನ್ನಾದ್ರೂ ಬ್ರೇಕ್ ಒತ್ತಿಕೊಂಡು ಡಿಗೂ ಆರ್‌ಗೂ ಹಾಕೋಕೆ ಹೇಳಿ, ಪಕ್ಕದಲ್ಲಿ ನಿಂತು ನೋಡಿ (ಗಾಡಿ ಮುಂದೆ ಮಾತ್ರ ನಿಲ್ಲಬೇಡಿ), ಇಂಜಿನ್ ಎಗರಿ ಬಿದ್ರೆ ಮೌಂಟ್ ಹೋಗಿದೆ.

ಈಗ ಆಯಿಲ್. ಎಷ್ಟೋ ಗಾಡಿಗಳ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಮಾಡೋ ಝಡ್‌ಎಫ್ ಕಂಪನಿಯವರೇ 80,000 ದಿಂದ 1,20,000 ಕಿಮೀ ಒಳಗೆ, ಇಲ್ಲಾ 8 ವರ್ಷಕ್ಕೆ, ಯಾವುದು ಮೊದಲೋ ಆಗ ಆಯಿಲ್ ಬದಲಾಯಿಸಿ ಅಂತ ಹೇಳ್ತಾರೆ. ಈ ಆಯಿಲ್ ಬರೀ ಗೇರ್ ಸವೆಯದ ಹಾಗೆ ನೋಡ್ಕೊಳ್ಳೋದಲ್ಲ, ಪ್ರೆಶರ್ ಕೊಟ್ಟು ಕ್ಲಚ್ ಹಿಡಿಸೋದೂ ಅದೇ, ಬಿಸಿ ಹೊರಗೆ ಸಾಗಿಸೋದೂ ಅದೇ. ಬಿಸಿಯಾಗಿ ಬಿಸಿಯಾಗಿ ಅದರ ಗುಣ ಹೋಗುತ್ತೆ, ಕ್ಲಚ್ ಸವೆದ ಪುಡಿ ಸೇರಿಕೊಳ್ಳುತ್ತೆ, ಆ ಪುಡಿ ಹೋಗಿ ವಾಲ್ವ್ ಬಾಡಿಯ (ಯಾವ ಕ್ಲಚ್‌ಗೆ ಯಾವಾಗ ಆಯಿಲ್ ಹೋಗಬೇಕು ಅಂತ ನೋಡ್ಕೊಳ್ಳೋ ಭಾಗ) ಸಣ್ಣಸಣ್ಣ ದಾರೀಲಿ ಕೂರುತ್ತೆ.

ಹಾಗಾಗಿ ಮೊದಲು ಗೇರ್‌ಬಾಕ್ಸ್ ಕೆಳಗಿನ ಆಯಿಲ್ ಪ್ಯಾನ್ ಬಿಚ್ಚಿಸಿ, ನೀವು ಅಲ್ಲೇ ನಿಂತಿರಿ. ಬಂದ ಆಯಿಲ್‌ನ ಒಂದು ಹನಿ ಬಿಳಿ ಟಿಶ್ಯೂ ಮೇಲೆ ಬಿಡಿ. ಕಂದು ಬಣ್ಣಕ್ಕೆ ತಿರುಗಿ ಅಂಚಿನವರೆಗೆ ಸಲೀಸಾಗಿ ಹರಡಿದ್ರೆ ಹಳೇದಾಗಿದೆ ಅಷ್ಟೇ, ಗಾಬರಿ ಬೇಡ. ಕಪ್ಪಾಗಿ ಮಧ್ಯದಲ್ಲೇ ಮಸಿ ಕೂತು ಕರಕಲು ವಾಸನೆ ಬಂದ್ರೆ ಕ್ಲಚ್ ಪ್ಲೇಟ್ ಸುಟ್ಟಿದೆ. ಗುಲಾಬಿ ಬಣ್ಣದ ಹಾಲಿನ ಥರ ಇದ್ರೆ ಕೂಲೆಂಟ್ ಸೇರಿದೆ, ರೇಡಿಯೇಟರ್ ಒಳಗಿನ ಕೂಲರ್ ಒಡೆದಿದೆ, ಆಗ ಗಾಡಿ ಓಡಿಸಲೇಬೇಡಿ. ಪ್ಯಾನ್ ತಳದಲ್ಲಿ ಮ್ಯಾಗ್ನೆಟ್ ಇರುತ್ತೆ, ಅದರ ಮೇಲಿನ ಬೂದು ಬಣ್ಣದ ಮೆತ್ತನೆ ಕೆಸರನ್ನ ಬೆರಳಲ್ಲಿ ಉಜ್ಜಿ ನೋಡಿ, ನುಣ್ಣಗಿದ್ರೆ ಮಾಮೂಲಿ ಸವೆತ. ಚೂಪಾಗಿ ಚುಚ್ಚೋ ಚೂರುಗಳು ಸಿಕ್ಕಿದ್ರೆ ಒಳಗೆ ಬೇರಿಂಗೋ ಗೇರೋ ಮುರೀತಿದೆ, ಆಗ ಬಿಚ್ಚೋದು ಬಿಟ್ಟು ಬೇರೆ ದಾರಿ ಇಲ್ಲ.

ಹಳೇ ಗಾಡಿಗೆ ಹೊಸ ಆಯಿಲ್ ಹಾಕಿದ್ರೆ ಗೇರ್‌ಬಾಕ್ಸ್ ಸಾಯುತ್ತೆ ಅಂತ ಹೆದರಿಸ್ತಾರೆ. ಅಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಕ್ಲಚ್ ಮೊದಲೇ ಸವೆದು ಸ್ಲಿಪ್ ಆಗ್ತಿರುತ್ತೆ, ಕೊನೇ ಘಳಿಗೇಲಿ ಆಯಿಲ್ ಬದಲಾಯಿಸಿ ಅದರ ಮೇಲೆ ತಪ್ಪು ಹಾಕ್ತಾರೆ. ನಿಮ್ಮದು ಓಡುವಾಗ ಸ್ಲಿಪ್ ಆಗ್ತಿಲ್ಲ, ಅಂದ್ರೆ ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಮಾತ್ರ ಏರಿ ಸ್ಪೀಡ್ ಏರದೇ ಇರೋದು ಇಲ್ಲ, ಅದು ದೊಡ್ಡ ಸಮಾಧಾನ. ಆದ್ರೆ ಮಶೀನ್ ಇಟ್ಟು ಜೋರಾಗಿ ಫ್ಲಶ್ ಮಾಡೋದು ಇಷ್ಟು ದಿನ ಆಯಿಲೇ ಬದಲಾಯಿಸದ ಗಾಡಿಗೆ ನಾನು ಮಾಡಲ್ಲ. ಪ್ಯಾನ್‌ನಿಂದ ಇಳಿಸಿ ಅಷ್ಟೇ ತುಂಬಿಸೋದು, ಒಂದ್ಸಲಕ್ಕೆ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಬರುತ್ತೆ, ಉಳಿದಿದ್ದು ಕನ್ವರ್ಟರ್‌ನಲ್ಲೇ ಇರುತ್ತೆ, ಆಮೇಲೆ ಕೆಲವು ನೂರು ಕಿಮೀ ಓಡಿಸಿ ಮತ್ತೆ ಮಾಡಿ, ಹೀಗೆ ಎರಡ್ಮೂರು ಸಲ. ಫಿಲ್ಟರ್ ಪ್ಯಾನ್ ಒಳಗೇ ಇದ್ರೆ ಮೊದಲ ಸಲಾನೇ ಬದಲಾಯಿಸಿಬಿಡಿ.

ನೀವೇ ಮಾಡೋದಾದ್ರೆ ಡ್ರೇನ್ ಬೋಲ್ಟ್‌ಗಿಂತ ಮೊದಲು ಫಿಲ್ ಬೋಲ್ಟ್ ಬಿಚ್ಚಿ, ಅದು ಹಿಡಿದುಕೊಂಡು ಬರದೇ ಹೋದ್ರೆ ಆಯಿಲ್ ಇಲ್ಲದ ಗಾಡಿ ಇಟ್ಕೊಂಡು ಕೂರಬೇಕಾಗುತ್ತೆ. ಜಾಕ್ ಒಂದನ್ನೇ ನಂಬಿ ಗಾಡಿ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಡಿಪ್‌ಸ್ಟಿಕ್ ಇಲ್ಲದ ಗಾಡೀಲಿ ಲೆವೆಲ್ ನೋಡೋದು ಆಯಿಲ್ ಟೆಂಪರೇಚರ್ ಮೇಲೆ, ಇಂಜಿನ್ ಓಡ್ತಿರುವಾಗ, ಪುಸ್ತಕದಲ್ಲಿ ಹೇಳಿರೋ ಡಿಗ್ರಿಗೆ ಬಂದಾಗ ಲೆವೆಲ್ ಬೋಲ್ಟ್ ಬಿಚ್ಚಿ ಸಣ್ಣ ಧಾರೆ ಹನಿಹನಿ ಆಗೋವರೆಗೆ ಕಾಯಬೇಕು. ತಣ್ಣಗಿರುವಾಗ ನೋಡಿದ್ರೆ ಜಾಸ್ತಿ ತುಂಬಿರ್ತೀರಿ, ಅತೀ ಬಿಸಿಯಲ್ಲಿ ನೋಡಿದ್ರೆ ಕಮ್ಮಿ ಆಗಿರುತ್ತೆ, ಆಗ ಇದೇ ತಡ ಆಗೋ ಕಾಯಿಲೆ ವಾಪಸ್. ಆಯಿಲ್ ಯಾವುದು ಅನ್ನೋದನ್ನ ಬಣ್ಣ ನೋಡಿ ತಗೋಬೇಡಿ, ಪುಸ್ತಕದಲ್ಲಿರೋ ಸ್ಪೆಸಿಫಿಕೇಶನ್ನೇ ಬೇಕು. ಸಿವಿಟಿ (ಗೇರ್ ಬದಲು ಬೆಲ್ಟು, ಪುಲ್ಲಿ ಇರೋ ಆಟೋಮ್ಯಾಟಿಕ್) ಆಗಿದ್ರೆ ಮಾಮೂಲಿ ಎಟಿಎಫ್ ಅಂದ್ರೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಹಾಕಲೇಬಾರದು, ಅದರ ಸ್ಟೀಲ್ ಬೆಲ್ಟು ಪುಲ್ಲಿ ಮೇಲೆ ಜಾರದೇ ಇರೋಕೆ ಅದರದ್ದೇ ಆಯಿಲ್ ಬೇಕು.

ಇಷ್ಟಾದ ಮೇಲೂ ತಡ ಹಾಗೇ ಇದ್ರೆ ಲೈನ್ ಪ್ರೆಶರ್ (ಗೇರ್‌ಬಾಕ್ಸ್ ಒಳಗಿನ ಆಯಿಲ್ ಪ್ರೆಶರ್) ಗೇಜ್ ಹಾಕಿ ಅಳೆಸಿ. ಪ್ರೆಶರ್ ಕಮ್ಮಿ ಇದ್ರೆ ಪಂಪು ಅಥವಾ ವಾಲ್ವ್ ಬಾಡಿ, ಸರಿಯಿದ್ದೂ ತಡ ಅಂದ್ರೆ ಆ ಸೀಲು. ಇವೆಲ್ಲಾ ಬಿಡಿಬಿಡಿಯಾಗಿ ರಿಪೇರಿ ಆಗೋ ಭಾಗಗಳು. ಆ ವರ್ಕ್‌ಶಾಪ್‌ಗೇ ಮತ್ತೆ ಹೋಗೋದಾದ್ರೆ ಒಳಗಿನ ಕೋಡ್, ಪ್ಯಾನ್ ಫೋಟೋ, ಪ್ರೆಶರ್ ರೀಡಿಂಗ್ ಮೂರನ್ನೂ ಕೇಳಿ, ಮೂರೂ ಕೊಡದೇ ಬದಲಾಯಿಸಿ ಅಂತಲೇ ಹಟ ಹಿಡಿದ್ರೆ ಗಾಡಿ ವಾಪಸ್ ತಂದು ಬೇರೆ ಕಡೆ ತೋರಿಸಿ.